ಹವ್ಯಾಸವು ಕಾಯಕವಾದ ಬಗೆ: ಒಬ್ಬ ಛಾಯಾಗ್ರಾಹಕನ ನೆನಪುಗಳು

ನಮ್ಮ ಸಮಾಜದ ಯಾವುದೇ ಹಳೆಯ ಮನೆಯ ಪಡಸಾಲೆಯನ್ನು ಹೊಕ್ಕರೂ ಮೊದಲು ಕಣ್ಣಿಗೆ ಬೀಳುವುದು ಗೋಡೆಯ ಮೇಲಿನ ಪಟಗಳ ಸಾಲು. ಬಸವಣ್ಣನವರ ಚಿತ್ರ, ಮಠದ ಗುರುಗಳ ಚಿತ್ರ, ಅವುಗಳ ಪಕ್ಕದಲ್ಲಿ ಮನೆಯ ಹಿರಿಯರ ಕಪ್ಪುಬಿಳುಪು ಭಾವಚಿತ್ರಗಳು. ಅರಕಲಗೂಡು ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿಯೂ ಅಂತಹ ಒಂದು ಸಾಲು ಇದೆ. ಅದರಲ್ಲಿ ನನ್ನ ಅಜ್ಜಿಯ ಪಟವೂ ಒಂದು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವಿನ ಹಾರ, ಪದ್ಮಾಸನ, ಮುಚ್ಚಿದ ಕಣ್ಣುಗಳು. ಎರಡೂ ಪಕ್ಕದಲ್ಲಿ ಮಕ್ಕಳು ಮೊಮ್ಮಕ್ಕಳು ಕುಳಿತಿದ್ದಾರೆ. ಆ ಗುಂಪಿನ ತುದಿಯಲ್ಲಿ ಅತ್ತು ಕೆಂಪಾದ ಕಣ್ಣಿನ ಒಬ್ಬ ಹುಡುಗನಿದ್ದಾನೆ. ಅವನೇ ನಾನು. ಅಜ್ಜಿ ಲಿಂಗೈಕ್ಯಳಾದ ದಿನ ತೆಗೆಸಿದ ಪಟವದು. ವರ್ಷ 1971.

ಜೀವಂತವಾಗಿದ್ದಾಗ ಅಜ್ಜಿ ಒಮ್ಮೆಯೂ ಪಟ ತೆಗೆಸಿಕೊಳ್ಳಲು ಒಪ್ಪಿರಲಿಲ್ಲ. ಪಟ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ ಆ ಕಾಲದ ಹಿರಿಯರಲ್ಲಿ ಬಲವಾಗಿ ಬೇರೂರಿತ್ತು. ಹೀಗಾಗಿ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹಿರಿಯರ ಮೊದಲ ಪಟವೇ ಕೊನೆಯ ಪಟವೂ ಆಗಿದೆ. ಅಜ್ಜಿ ಕಣ್ಣು ತೆರೆದು ನಕ್ಕ ಒಂದು ಚಿತ್ರವಾದರೂ ಇದ್ದಿದ್ದರೆ ಎಂಬ ಕೊರಗು ಅಂದು ನನ್ನ ಎಳೆಯ ಮನಸ್ಸಿನಲ್ಲಿ ಹುಟ್ಟಿತು. ಆ ಕೊರಗೇ ಮುಂದೆ ನನ್ನನ್ನು ಕ್ಯಾಮರಾದ ಕಡೆಗೆ ಎಳೆಯಿತು ಎಂದು ಇಂದು ಹಿಂದಿರುಗಿ ನೋಡಿದಾಗ ಅನಿಸುತ್ತದೆ. ಬಾಲ್ಯದ ಒಂದು ಹವ್ಯಾಸವು ಜೀವನೋಪಾಯವಾಗಿ, ಕಾಯಕವಾಗಿ ಬೆಳೆದ ಬಗೆಯನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ. ಮಕ್ಕಳ ಆಸಕ್ತಿಯನ್ನು ಕಂಡು ಚಿಂತಿಸುವ ತಂದೆತಾಯಿಗಳಿಗೆ ಇದರಿಂದ ಕಿಂಚಿತ್ ಪ್ರಯೋಜನವಾದರೂ ನನಗೆ ಸಂತೋಷ.

ನಮ್ಮ ಜಿಲ್ಲೆಗೂ ಕ್ಯಾಮರಾಕ್ಕೂ ಹಳೆಯ ನಂಟು

ಹಾಸನ ಜಿಲ್ಲೆಗೂ ಛಾಯಾಗ್ರಹಣ ಕಲೆಗೂ ಇರುವ ಸಂಬಂಧ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. ಪ್ಯಾರಿಸ್ ನಗರದಲ್ಲಿ ಈ ವಿದ್ಯೆಯನ್ನು ಲೋಕಕ್ಕೆ ಪ್ರಕಟಿಸಿದ್ದು 1839ರ ಆಗಸ್ಟ್ 19ರಂದು. ಆ ದಿನವನ್ನೇ ಈಗ ವಿಶ್ವ ಛಾಯಾಗ್ರಹಣ ದಿನವೆಂದು ಆಚರಿಸಲಾಗುತ್ತಿದೆ. ಅದಾಗಿ ಇಪ್ಪತ್ತು ವರ್ಷಗಳೂ ಕಳೆಯುವ ಮೊದಲೇ ನಮ್ಮ ಹಳೇಬೀಡಿಗೆ ಕ್ಯಾಮರಾ ಬಂದಿತ್ತು. ರಿಚರ್ಡ್ ಬ್ಯಾನರ್ ಓಕ್ಲಿ ಎಂಬ ಬ್ರಿಟಿಷ್ ಅಧಿಕಾರಿಯು 1856ರಲ್ಲಿ ಹೊಯ್ಸಳೇಶ್ವರ ದೇವಾಲಯದ ಚಿತ್ರಗಳನ್ನು ತೆಗೆದನು. ಅವುಗಳಲ್ಲಿ 56 ಚಿತ್ರಗಳನ್ನು ಒಳಗೊಂಡ ಪುಸ್ತಕವು 1859ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಬಳಿಕ 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಇನ್ನೊಂದು ದೊಡ್ಡ ಚಿತ್ರಸಂಪುಟ ಹೊರಬಂದಿತು. ಅದರ ಚಿತ್ರಗಳನ್ನು ತೆಗೆದವರಲ್ಲಿ ಪಿಗೂ ಎಂಬಾತ ವೃತ್ತಿಯಿಂದ ವೈದ್ಯ. ಬಿಗ್ಸ್ ಎಂಬಾತ ಫಿರಂಗಿ ದಳದ ಅಧಿಕಾರಿ. ಇಬ್ಬರೂ ಬೇರೆ ಉದ್ಯೋಗದಲ್ಲಿದ್ದುಕೊಂಡೇ ಈ ವಿದ್ಯೆಯನ್ನು ಕೈವಶ ಮಾಡಿಕೊಂಡವರು. ಹವ್ಯಾಸವು ಹೊಣೆಗಾರಿಕೆಯಾಗಿ ಬೆಳೆದುದಕ್ಕೆ ಇವರೇ ಮೊದಲ ಉದಾಹರಣೆಗಳು ಎನ್ನಬಹುದು.

ಅಂದು ಸುರುಳಿ ಫಿಲ್ಮ್ ಎಂಬುದೇ ಇರಲಿಲ್ಲ. ಪೆಟ್ಟಿಗೆಗಟ್ಟಲೆ ಸಾಮಾನುಗಳನ್ನು ಹೊತ್ತುಕೊಂಡು, ಔಷಧಿಗಳನ್ನು ಸ್ಥಳದಲ್ಲಿಯೇ ಬೆರೆಸಿಕೊಂಡು, ಒಂದೊಂದು ಚಿತ್ರಕ್ಕೂ ಬಹಳ ಹೊತ್ತು ಕಾಯಬೇಕಾಗಿತ್ತು. ಆ ಪರಿಶ್ರಮದ ಫಲವಾಗಿ, ದೇವಾಲಯದ ಗೋಡೆಗಳು ಆಗ ಯಾವ ಸ್ಥಿತಿಯಲ್ಲಿದ್ದವು ಎಂಬುದಕ್ಕೆ ಇಂದು ಖಚಿತವಾದ ಸಾಕ್ಷ್ಯ ದೊರೆಯುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನನಗೆ ಆ ಹಳೆಯ ಛಾಯಾಗ್ರಾಹಕರ ನೆನಪಾಯಿತು. ಕಲ್ಲಿನ ಮೇಲಿನ ಕೆಲಸವನ್ನು ಕಾಗದದ ಮೇಲೆ ಉಳಿಸಿಕೊಟ್ಟವರು ಅವರು.

ಸೋದರಮಾವನ ಕ್ಯಾಮರಾ

ನಾನು ಹೊಳೆನರಸೀಪುರದ ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿ ಓದುತ್ತಿದ್ದಾಗ, ಅಂದರೆ 1975ರಲ್ಲಿ, ನನ್ನ ಸೋದರಮಾವ ಒಂದು ಅಗ್ಫಾ ಕ್ಲಿಕ್ ಕ್ಯಾಮರಾ ಕೊಂಡರು. ಆ ದಿನಗಳಲ್ಲಿ ಮಧ್ಯಮ ವರ್ಗದ ಮನೆಗಳಿಗೆ ಕ್ಯಾಮರಾವನ್ನು ಪರಿಚಯಿಸಿದ ಸರಳ ಯಂತ್ರವದು. ಒಂದು ಸುರುಳಿಗೆ ಹನ್ನೆರಡೇ ಚಿತ್ರಗಳು. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು. ಬೆನ್ನಿನಲ್ಲಿದ್ದ ಪುಟ್ಟ ಕೆಂಪು ಕಿಟಕಿಯಲ್ಲಿ ಅಂಕಿ ಕಾಣುವವರೆಗೆ ತಿರುಪನ್ನು ತಿರುಗಿಸುತ್ತಾ ಹೋಗಬೇಕು. ಮಾವ ಬೇಸಿಗೆ ರಜೆಯಲ್ಲಿ ಅದನ್ನು ನನ್ನ ಕೈಗಿತ್ತು, "ಹನ್ನೆರಡು ಪಟ ಮಾತ್ರ ಇವೆ ಕಣಪ್ಪಾ, ಯೋಚನೆ ಮಾಡಿ ತೆಗಿ" ಎಂದರು.

ಆ ಒಂದು ಮಾತು ನನ್ನ ಮೊದಲ ಪಾಠ. ಹನ್ನೆರಡು ಚಿತ್ರಗಳಿಗಾಗಿ ನಾನು ಹನ್ನೆರಡು ದಿನ ಊರೆಲ್ಲ ಅಲೆದೆ. ಹೇಮಾವತಿಯ ದಡದಲ್ಲಿ ದನಗಳ ಮೈ ತೊಳೆಯುವವರು, ಕಣದಲ್ಲಿ ರಾಗಿ ತೂರುವ ಹೆಂಗಸರು, ಮಠದ ಜಗುಲಿಯ ಮೇಲೆ ಕುಳಿತ ಹಿರಿಯರು. ತೊಳೆಸಿ ತಂದಾಗ ಹನ್ನೆರಡರಲ್ಲಿ ನೆಟ್ಟಗೆ ಬಂದವು ನಾಲ್ಕೇ. ಒಂದರಲ್ಲಿ ನನ್ನ ಹೆಬ್ಬೆರಳೇ ಮಸೂರವನ್ನು ಮುಚ್ಚಿತ್ತು. ಆದರೆ ನಾಲ್ಕನೆಯ ಚಿತ್ರದಲ್ಲಿ ನನ್ನ ತಾಯಿ ಬಾವಿಕಟ್ಟೆಯ ಬಳಿ ಕೊಡವನ್ನಿಟ್ಟು ನಗುತ್ತಾ ನಿಂತಿದ್ದಳು. ಅದನ್ನು ನೋಡಿದ ಮನೆಯವರೆಲ್ಲ ಸುಮ್ಮನಾದರು. ತಾಯಿ ಮಾತ್ರ, "ಅತ್ತೆಮ್ಮನದೂ ಹೀಗೆ ಒಂದು ಇರಬೇಕಿತ್ತು" ಎಂದಳು.

ಅಂದಿನಿಂದ ನನ್ನ ಜೇಬಿನ ಬಿಡಿಗಾಸೆಲ್ಲ ಫಿಲ್ಮಿಗೆ ಹೋಗತೊಡಗಿತು. ತಂದೆಯವರಿಗೆ ಇದು ಹಿಡಿಸಲಿಲ್ಲ. ಹೊಗೆಸೊಪ್ಪು ಮತ್ತು ರಾಗಿ ಬೆಳೆಯುವ ರೈತರು ಅವರು. "ಪಟ ತೆಗೆಯೋದು ಒಂದು ಕಸುಬೇನೋ? ಓದಿ ಮೇಷ್ಟ್ರಾಗು, ಇಲ್ಲ ಹೊಲ ನೋಡ್ಕೊ" ಎಂದು ಗದರಿದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮಗನ ಹೊಟ್ಟೆಪಾಡಿನ ಚಿಂತೆ ಯಾವ ತಂದೆಗಿಲ್ಲ? ಹವ್ಯಾಸವು ಮನಸ್ಸನ್ನು ಅರಳಿಸುತ್ತದೆ ನಿಜ. ಆದರೆ ಒಲೆಯನ್ನು ಉರಿಸಬೇಕಾದರೆ ಅದಕ್ಕೆ ಶಿಸ್ತು, ಕಲಿಕೆ, ಜನರ ನಂಬಿಕೆ ಇವೆಲ್ಲವೂ ಕೂಡಿಬರಬೇಕು. ಇದನ್ನು ನಾನು ಅರಿತದ್ದು ಬಹಳ ವರ್ಷಗಳ ನಂತರ.

ಕತ್ತಲೆ ಕೋಣೆಯ ಪಾಠಶಾಲೆ

ಪಿಯುಸಿ ಮುಗಿಸಿದ ಮೇಲೆ 1980ರಲ್ಲಿ ಹಾಸನದ ಒಂದು ಸ್ಟುಡಿಯೋದಲ್ಲಿ ಸಹಾಯಕನಾಗಿ ಸೇರಿಕೊಂಡೆ. ಎರಡು ವರ್ಷದಲ್ಲಿ ಒಂದು ದಾರಿ ಕಾಣದಿದ್ದರೆ ಊರಿಗೆ ಮರಳಿ ನೇಗಿಲು ಹಿಡಿಯಬೇಕೆಂದು ತಂದೆಯವರು ಗಡುವು ಹಾಕಿದ್ದರು. ಸ್ಟುಡಿಯೋದ ಯಜಮಾನರು ಮೊದಲ ಆರು ತಿಂಗಳು ನನಗೆ ಕ್ಯಾಮರಾವನ್ನು ಮುಟ್ಟಿಸಲೇ ಇಲ್ಲ. ನೆಲ ಗುಡಿಸುವುದು, ಹಿನ್ನೆಲೆಯ ಪರದೆಯನ್ನು ಕಟ್ಟುವುದು, ಗಿರಾಕಿಗಳಿಗೆ ಬಾಚಣಿಗೆ ಕನ್ನಡಿ ಕೊಡುವುದು, ಕತ್ತಲೆ ಕೋಣೆಯಲ್ಲಿ ತಟ್ಟೆಗಳನ್ನು ತೊಳೆಯುವುದು, ಇವೇ ನನ್ನ ಕೆಲಸ.

ಈಗಿನ ಮಕ್ಕಳಿಗೆ ಆ ಕತ್ತಲೆ ಕೋಣೆಯ ಕಲ್ಪನೆಯೂ ಇರಲಾರದು. ಮಂದವಾದ ಕೆಂಪು ದೀಪದ ಕೆಳಗೆ ಮೂರು ತಟ್ಟೆಗಳು. ಒಂದರಲ್ಲಿ ಡೆವಲಪರ್, ಇನ್ನೊಂದರಲ್ಲಿ ನೀರು, ಮತ್ತೊಂದರಲ್ಲಿ ಹೈಪೋ. ಎನ್‌ಲಾರ್ಜರಿನ ಬೆಳಕು ಬಿದ್ದ ಬಿಳಿಯ ಬ್ರೊಮೈಡ್ ಕಾಗದವನ್ನು ಮೊದಲ ತಟ್ಟೆಯಲ್ಲಿ ಅದ್ದಿ ಮೆಲ್ಲನೆ ಅಲ್ಲಾಡಿಸುತ್ತಿದ್ದರೆ, ಏನೂ ಇಲ್ಲದ ಕಾಗದದ ಮೇಲೆ ಮೊದಲು ಕಣ್ಣು, ಬಳಿಕ ಹುಬ್ಬು, ಬಳಿಕ ಇಡೀ ಮುಖ ಮೂಡಿಬರುತ್ತದೆ. ಸಾವಿರ ಸಲ ಕಂಡರೂ ಆ ವಿಸ್ಮಯ ತೀರದು. ಹೈಪೋದಲ್ಲಿ ಚಿತ್ರ ನೆಲೆಗೊಂಡ ಮೇಲೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. "ತೊಳೆಯುವುದರಲ್ಲಿ ಸೋಮಾರಿತನ ಮಾಡಿದರೆ ಇವತ್ತು ಗೊತ್ತಾಗಲ್ಲ, ಹತ್ತು ವರ್ಷ ಕಳೆದ ಮೇಲೆ ಪಟ ಹಳದಿಯಾಗುತ್ತೆ. ಆಗ ಬೈಸಿಕೊಳ್ಳೋಕೆ ನೀನು ಎದುರಿಗಿರಲ್ಲ" ಎಂದು ಯಜಮಾನರು ಹೇಳುತ್ತಿದ್ದರು. ಯಾರೂ ನೋಡದ ಕಡೆಯಲ್ಲಿ ಮಾಡುವ ಕೆಲಸವೇ ನಿಜವಾದ ಕೆಲಸ ಎಂಬುದನ್ನು ನನಗೆ ಕಲಿಸಿದ್ದು ಆ ನೀರಿನ ತೊಟ್ಟಿ. ನಮ್ಮ ಶರಣರು ಬೋಧಿಸಿದ ಸತ್ಯಶುದ್ಧ ಕಾಯಕದ ಅರ್ಥವೂ ಇದೇ ಅಲ್ಲವೇ?

ನೆಗೆಟಿವಿನ ಮೇಲೆ ಮೊನಚಾದ ಪೆನ್ಸಿಲಿನಿಂದ ಮುಖದ ಕಲೆಗಳನ್ನು ತಿದ್ದುವುದು, ಕಪ್ಪುಬಿಳುಪು ಚಿತ್ರಕ್ಕೆ ಕೈಯಿಂದ ಬಣ್ಣ ಹಾಕುವುದು, ಯಾಷಿಕಾ ಜೋಡಿ ಮಸೂರದ ಕ್ಯಾಮರಾದಲ್ಲಿ ಎಡಬಲ ಅದಲುಬದಲಾಗಿ ಕಾಣುವ ದೃಶ್ಯಕ್ಕೆ ಕಣ್ಣನ್ನು ಒಗ್ಗಿಸಿಕೊಳ್ಳುವುದು, ಹೀಗೆ ಒಂದೊಂದಾಗಿ ಕಲಿತೆ. ಶ್ರವಣಬೆಳಗೊಳದ ಗೊಮ್ಮಟೇಶ್ವರನಿಗೆ ಸಾವಿರ ವರ್ಷ ತುಂಬಿದ 1981ರ ಫೆಬ್ರವರಿಯ ಮಹಾಮಸ್ತಕಾಭಿಷೇಕಕ್ಕೆ ಯಜಮಾನರು ನನ್ನನ್ನೂ ಕರೆದುಕೊಂಡು ಹೋದರು. ಚನ್ನರಾಯಪಟ್ಟಣದಿಂದ ಮುಂದೆ ರಸ್ತೆಯ ತುಂಬ ಜನವೋ ಜನ. ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಮೂರ್ತಿಯ ಮೇಲೆ ಪುಷ್ಪವೃಷ್ಟಿ ಮಾಡಿದ ಉತ್ಸವವದು. ದೇಶವಿದೇಶಗಳ ಪತ್ರಿಕಾ ಛಾಯಾಗ್ರಾಹಕರು ಕೊರಳ ತುಂಬ ಕ್ಯಾಮರಾಗಳನ್ನು ತೂಗುಹಾಕಿಕೊಂಡು ಓಡಾಡುತ್ತಿದ್ದರು. ಈ ವಿದ್ಯೆಯನ್ನು ನಂಬಿ ಬದುಕುವವರು ಲೋಕದಲ್ಲಿ ಇಷ್ಟೊಂದು ಮಂದಿ ಇದ್ದಾರೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಅಂದೇ.

ಮೈಸೂರಿನ ಇಬ್ಬರು ಹಿರಿಯರು

ಆ ದಿನಗಳಲ್ಲಿ ನನಗೆ ಧೈರ್ಯ ತುಂಬಿದ್ದು ಟಿ. ಎಸ್. ಸತ್ಯನ್ ಅವರ ಹೆಸರು. ಮೈಸೂರಿನಲ್ಲಿ 1923ರ ಡಿಸೆಂಬರ್ 18ರಂದು ಜನಿಸಿದ ಸತ್ಯನ್, ಮಹಾರಾಜ ಕಾಲೇಜಿನಲ್ಲಿ ಓದಿದವರು. ವಿದ್ಯಾರ್ಥಿ ದೆಸೆಯಲ್ಲಿಯೇ ಹತ್ತಿದ ಕ್ಯಾಮರಾದ ಗೀಳನ್ನು ಅವರು ಬಿಡಲಿಲ್ಲ. ಪತ್ರಿಕಾ ಛಾಯಾಗ್ರಹಣವೆಂಬ ವೃತ್ತಿಯೇ ನಮ್ಮ ನಾಡಿನಲ್ಲಿ ಸರಿಯಾಗಿ ರೂಪುಗೊಂಡಿರದ ಕಾಲ ಅದು. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆಯನ್ನು ಸೇರಿದ ಅವರು ಮುಂದೆ ಇಲಸ್ಟ್ರೇಟೆಡ್ ವೀಕ್ಲಿಗೆ ಕೆಲಸ ಮಾಡಿದರು. ಬಳಿಕ ಸ್ವತಂತ್ರವಾಗಿ ದುಡಿದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸಂಸ್ಥೆಗಳಿಗಾಗಿ ಹಳ್ಳಿಹಳ್ಳಿ ಸುತ್ತಿದರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ನಡೆಯಿತು. ಭಾರತ ಸರ್ಕಾರ 1977ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ತಮ್ಮ ಜೀವನಾನುಭವವನ್ನು ಅವರು 'ಕಾಲಕ್ಕೆ ಕನ್ನಡಿ' ಎಂಬ ಕನ್ನಡ ಕೃತಿಯಲ್ಲಿ ಹೇಳಿಕೊಂಡಿದ್ದಾರೆ. 2009ರ ಡಿಸೆಂಬರಿನಲ್ಲಿ ಮೈಸೂರಿನಲ್ಲಿಯೇ ನಿಧನರಾದರು.

ಸತ್ಯನ್ ಅವರ ಚಿತ್ರಗಳಲ್ಲಿ ರಾಜಮಹಾರಾಜರೂ ಮಂತ್ರಿಗಳೂ ಇದ್ದಾರೆ. ಆದರೆ ಅವರ ಪ್ರೀತಿಯೆಲ್ಲ ಸಾಮಾನ್ಯರ ಮೇಲೆ. ಶಾಲೆಗೆ ಹೋಗುವ ಮಕ್ಕಳು, ದುಡಿಯುವ ಹೆಂಗಸರು, ಬೀದಿಯ ಬದಿಯ ವ್ಯಾಪಾರಿಗಳು. ದೊಡ್ಡ ಊರಿನ ದೊಡ್ಡ ಸಂಗತಿಗಳಿಗಾಗಿ ಕಾಯದೆ, ಎದುರಿಗಿರುವ ಬದುಕನ್ನು ಗೌರವದಿಂದ ನೋಡಿದರೆ ಅದೇ ದೊಡ್ಡ ಚಿತ್ರವಾಗುತ್ತದೆ ಎಂಬುದನ್ನು ಅವರ ಕೆಲಸ ತೋರಿಸಿಕೊಟ್ಟಿತು. ನಮ್ಮ ಹೇಮಾವತಿ ದಂಡೆಯ ಜೀವನವೂ ಚಿತ್ರಕ್ಕೆ ಯೋಗ್ಯವಾದುದು ಎಂಬ ನಂಬಿಕೆ ನನಗೆ ಬಂದದ್ದು ಹಾಗೆ.

ವಿಶೇಷವೆಂದರೆ ಅದೇ 1923ರಲ್ಲಿ, ಅದೇ ಮೈಸೂರಿನಲ್ಲಿ ಜನಿಸಿದ ಇನ್ನೊಬ್ಬರು ವಿ. ಕೆ. ಮೂರ್ತಿ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ಛಾಯಾಗ್ರಹಣವನ್ನು ಕಲಿತು ಮುಂಬಯಿಗೆ ಹೋದ ಅವರು, ಗುರುದತ್ತರ ಚಿತ್ರಗಳಿಗೆ ಬೆಳಕು ನೀಡಿದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ 'ಕಾಗಜ್ ಕೆ ಫೂಲ್' 1959ರಲ್ಲಿ ತೆರೆಕಂಡಿತು; ಅದರ ಛಾಯಾಗ್ರಾಹಕರು ಮೂರ್ತಿಯವರೇ. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಆ ಪ್ರಶಸ್ತಿಯನ್ನು ಪಡೆದ ಮೊದಲ ಛಾಯಾಗ್ರಾಹಕರೆಂಬ ಕೀರ್ತಿ ಕನ್ನಡಿಗರೊಬ್ಬರದು.

ಹವ್ಯಾಸವೆಲ್ಲವೂ ವೃತ್ತಿಯಾಗಲೇಬೇಕೆಂಬ ನಿಯಮವೂ ಇಲ್ಲ. ನಮ್ಮ ನೆರೆಯ ಮೂಡಿಗೆರೆಯಲ್ಲಿ ನೆಲೆಸಿದ್ದ ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಚಿತ್ರ ತೆಗೆಯಲು ಗಂಟೆಗಟ್ಟಲೆ ಕಾಯುತ್ತಿದ್ದರು. ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಮಂತ್ರಿಗಳಾಗಿದ್ದುಕೊಂಡೇ ವನ್ಯಜೀವಿ ಛಾಯಾಗ್ರಹಣದಲ್ಲಿ ಹೆಸರು ಮಾಡಿದರು. ಇವರಿಗೆ ಅದು ಜೀವನೋಪಾಯವಾಗಿರಲಿಲ್ಲ, ಜೀವನದ ಸೊಗಸಾಗಿತ್ತು. ಯಾವ ಮಗುವಿಗೆ ಯಾವುದು ಹೊಂದುತ್ತದೆ ಎಂಬುದನ್ನು ಹಿರಿಯರು ತಾಳ್ಮೆಯಿಂದ ಗಮನಿಸಬೇಕು.

ಅರ್ಧ ಕಪ್ಪಾದ ಮಾಂಗಲ್ಯಧಾರಣೆ

ಈಗ ನನ್ನ ತಪ್ಪೊಂದನ್ನು ಹೇಳಬೇಕು. ವೃತ್ತಿಯ ನಿಜವಾದ ಪಾಠ ನನಗಾದದ್ದು ಅದರಿಂದಲೇ.

1984ರ ಬೇಸಿಗೆ. ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮವರದೇ ಮದುವೆ. ಯಜಮಾನರಿಗೆ ಅಸ್ವಸ್ಥತೆಯಾಗಿದ್ದರಿಂದ ಮೊದಲ ಬಾರಿಗೆ ಪೂರ್ತಿ ಹೊಣೆ ನನ್ನ ಮೇಲೆ ಬಿತ್ತು. ಬಣ್ಣದ ಫಿಲ್ಮ್ ನಮ್ಮ ಹಳ್ಳಿಗಳಿಗೆ ಆಗಷ್ಟೇ ಬರತೊಡಗಿದ್ದ ಕಾಲ. ಹೊಸ ಬಗೆಯ ಕ್ಯಾಮರಾ ಬೇರೆ. ಆ ಜಾತಿಯ ಕ್ಯಾಮರಾಗಳಲ್ಲಿ ಫ್ಲ್ಯಾಷ್ ಬಳಸುವಾಗ ಶಟರಿನ ವೇಗ ಸೆಕೆಂಡಿನ ಅರವತ್ತನೆಯ ಒಂದು ಭಾಗವನ್ನು ಮೀರಬಾರದು. ಮೀರಿದರೆ ಫ್ಲ್ಯಾಷ್ ಮಿಂಚುವ ಕ್ಷಣದಲ್ಲಿ ಒಳಗಿನ ಪರದೆ ಪೂರ್ತಿ ತೆರೆದಿರುವುದಿಲ್ಲ. ಚಿತ್ರದ ಒಂದು ಭಾಗಕ್ಕೆ ಬೆಳಕೇ ಬೀಳುವುದಿಲ್ಲ. ಬೆಳಿಗ್ಗೆ ಬಿಸಿಲಿನಲ್ಲಿ ದಿಬ್ಬಣದ ಚಿತ್ರ ತೆಗೆಯಲು ವೇಗವನ್ನು 125ಕ್ಕೆ ತಿರುಗಿಸಿದ್ದೆ. ಚಪ್ಪರದೊಳಗೆ ಬಂದ ಮೇಲೆ ಮತ್ತೆ 60ಕ್ಕೆ ತರಲು ಮರೆತೆ.

ಬೆಂಗಳೂರಿನಿಂದ ತೊಳೆದು ಬಂದ ಸುರುಳಿಯನ್ನು ಬೆಳಕಿಗೆ ಹಿಡಿದಾಗ ನನ್ನ ಕೈ ನಡುಗಿತು. ಮಾಂಗಲ್ಯಧಾರಣೆಯ ಚಿತ್ರಗಳಲ್ಲಿ ಒಂದು ಪಕ್ಕದಲ್ಲಿ ವಧು ಇದ್ದಾಳೆ. ಇನ್ನೊಂದು ಪಕ್ಕ ಕಪ್ಪು. ಗುರುಗಳು ಆಶೀರ್ವದಿಸುವ ಚಿತ್ರದಲ್ಲಿ ಗುರುಗಳಿದ್ದಾರೆ. ಮದುಮಗಳ ತಂದೆ ಇಲ್ಲ. ಮುಹೂರ್ತ ಮರಳಿ ಬರುವಂತಹುದಲ್ಲ. ಫಿಲ್ಮೇ ಕೆಟ್ಟಿತ್ತು ಎಂದೋ, ತೊಳೆಯುವಲ್ಲಿ ಹಾಳಾಯಿತು ಎಂದೋ ಹೇಳಿ ಪಾರಾಗುವಂತೆ ಗೆಳೆಯನೊಬ್ಬ ಸಲಹೆ ಕೊಟ್ಟ. ಒಂದು ರಾತ್ರಿಯೆಲ್ಲ ನನಗೆ ನಿದ್ದೆ ಬರಲಿಲ್ಲ.

ಮರುದಿನ ಬೆಳಗಿನ ಮೊದಲ ಬಸ್ಸು ಹಿಡಿದು ಆ ಹಳ್ಳಿಗೆ ಹೋದೆ. ಹೆಣ್ಣಿನ ತಂದೆ ಕೊಟ್ಟಿಗೆಯಲ್ಲಿ ದನಗಳಿಗೆ ಹುಲ್ಲು ಹಾಕುತ್ತಿದ್ದರು. ಮುಂಗಡ ಹಣವನ್ನು ಅವರ ಮುಂದಿಟ್ಟು, ಇದ್ದ ಸಂಗತಿಯನ್ನು ಇದ್ದಂತೆ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅರ್ಧ ಕಪ್ಪಾದ ಆ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ, "ನನಗೆ ಬೇಸರ ಇಲ್ಲ ಅಂದರೆ ಸುಳ್ಳಾಗುತ್ತೆ ಕಣಪ್ಪಾ. ಒಬ್ಬಳೇ ಮಗಳು. ಆದರೆ ನೀನು ಮುಚ್ಚಿಡದೆ ಬಂದು ಹೇಳಿದೆಯಲ್ಲ. ಕೈಕಾಲು ತೊಳಕೊ, ಪ್ರಸಾದ ತಗೊಂಡು ಹೋಗು" ಎಂದರು.

ಮಗಳು ಅಳಿಯ ಮನೆಗೆ ಬಂದಾಗ ಹೇಳಿ ಕಳುಹಿಸಿದರು. ನಾನು ಹೋಗಿ ಅಂಗಳದಲ್ಲಿ ಇಡೀ ಮನೆತನವನ್ನು ಕೂರಿಸಿ ಚಿತ್ರ ತೆಗೆದುಕೊಟ್ಟೆ; ಹಣ ಪಡೆಯಲಿಲ್ಲ. ಅದು ಒಳ್ಳೆಯ ಚಿತ್ರವೇ. ಆದರೂ ಅದು ಮಾಂಗಲ್ಯಧಾರಣೆಯ ಚಿತ್ರವಲ್ಲ. ಆ ಮನೆಯ ಆಲ್ಬಂನಲ್ಲಿ ಒಂದು ಹಾಳೆ ಇಂದಿಗೂ ಖಾಲಿಯಾಗಿದೆ. ಅಂದಿನಿಂದ ಇಂದಿನವರೆಗೆ ಚಪ್ಪರದೊಳಗೆ ಕಾಲಿಡುವ ಮುನ್ನ ಕ್ಯಾಮರಾದ ಗುರುತುಗಳನ್ನು ಮೂರು ಬಾರಿ ನೋಡುವುದು ನನಗೆ ವ್ರತದಂತಾಗಿದೆ. ಹವ್ಯಾಸದಲ್ಲಿ ತಪ್ಪಿದರೆ ನಷ್ಟ ನಮ್ಮದು. ವೃತ್ತಿಯಲ್ಲಿ ತಪ್ಪಿದರೆ ನಷ್ಟ ನಮ್ಮನ್ನು ನಂಬಿದವರದು. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣ ವ್ಯತ್ಯಾಸವಲ್ಲ.

ಈ ಸುದ್ದಿ ಬಂಧುಗಳ ಮೂಲಕ ತಂದೆಯವರ ಕಿವಿಗೂ ಬಿತ್ತು. ಬೈಯುತ್ತಾರೆಂದು ಅಂಜಿದ್ದೆ. ಅವರು ಮಾತ್ರ, "ಹೋಗಿ ಒಪ್ಪಿಕೊಂಡೆಯಂತೆ. ಸರಿ, ಇನ್ನು ನಿನ್ನ ಕಸುಬು ನಿನಗಿರಲಿ" ಎಂದರು. ಗಡುವಿನ ಮಾತು ಮತ್ತೆಂದೂ ಬರಲಿಲ್ಲ. 1986ರಲ್ಲಿ ನಾನು ಸ್ವಂತ ಅಂಗಡಿ ತೆರೆದಾಗ ಮೊದಲ ಕ್ಯಾಮರಾಕ್ಕೆ ಹಣ ಕೊಟ್ಟವರು ಅವರೇ. ಅದು ಆ ವರ್ಷದ ಹೊಗೆಸೊಪ್ಪಿನ ಹಣ.

ಬೆಳೆಯ ಲೆಕ್ಕ, ಕಾಲದ ಲೆಕ್ಕ

ಸಣ್ಣ ಊರಿನ ಛಾಯಾಗ್ರಾಹಕನ ವರ್ಷವು ರೈತನ ವರ್ಷದ ಹಿಂದೆಯೇ ನಡೆಯುತ್ತದೆ. ಅರಕಲಗೂಡು ಕಡೆ ಹೊಗೆಸೊಪ್ಪಿನ ಹರಾಜು ಮುಗಿದು ಹಣ ಕೈಸೇರಿದರೆ ಮದುವೆಗಳು ಕೂಡಿಬರುತ್ತವೆ. ಹಾಸನದ ಆಲೂಗಡ್ಡೆ, ಚನ್ನರಾಯಪಟ್ಟಣದ ತೆಂಗು, ಹೊಳೆನರಸೀಪುರದ ನಾಲೆಯ ಬಯಲಿನ ಬತ್ತ, ಇವುಗಳ ಬೆಲೆ ಏರಿದರೆ ಆಲ್ಬಂ ದಪ್ಪವಾಗುತ್ತದೆ. ಇಳಿದರೆ ಗಿರಾಕಿ ಹತ್ತು ಪಟಗಳಿಗೇ ಸಾಕೆನ್ನುತ್ತಾನೆ. ಆಷಾಢದಲ್ಲಿ ಅಂಗಡಿಯಲ್ಲಿ ನೊಣ ಹೊಡೆಯಬೇಕು. ಇಂತಹ ತಿಂಗಳುಗಳಲ್ಲಿ ನಮ್ಮನ್ನು ಸಾಕಿದ್ದು ಶಾಲಾ ಅರ್ಜಿಯ ಪಟಗಳು. ಮತದಾರರಿಗೆ ಭಾವಚಿತ್ರವುಳ್ಳ ಗುರುತಿನ ಚೀಟಿಯನ್ನು ಕೊಡುವ ಏರ್ಪಾಡು 1993ರಿಂದ ಆರಂಭವಾಯಿತು. ಜನ್ಮದಲ್ಲಿ ಪಟ ತೆಗೆಸಿಕೊಳ್ಳದಿದ್ದ ಎಷ್ಟೋ ಅಜ್ಜಂದಿರು ಅಜ್ಜಿಯರು ಅಂತಹ ಚೀಟಿಗಳಿಗಾಗಿ ಮೊದಲ ಬಾರಿಗೆ ಕ್ಯಾಮರಾದ ಮುಂದೆ ಕುಳಿತರು. ಅವರ ತೆರೆದ ಕಣ್ಣುಗಳನ್ನು ಕಂಡಾಗಲೆಲ್ಲ ನನಗೆ ನನ್ನ ಅಜ್ಜಿಯ ನೆನಪು.

ಕಾಲ ನಿಲ್ಲಲಿಲ್ಲ. ಹೊಸ ಶತಮಾನದೊಡನೆ ಡಿಜಿಟಲ್ ಕ್ಯಾಮರಾ ಬಂದಿತು. ಕತ್ತಲೆ ಕೋಣೆಗೆ ಬೀಗ ಬಿದ್ದಿತು. 1960ರಲ್ಲಿ ಉದಕಮಂಡಲದಲ್ಲಿ ಸ್ಥಾಪನೆಗೊಂಡು 'ಇಂದು' ಹೆಸರಿನ ಫಿಲ್ಮ್ ತಯಾರಿಸುತ್ತಿದ್ದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಸಂಸ್ಥೆ ಮುಚ್ಚಿತು. ಜಗತ್ತಿಗೇ ಫಿಲ್ಮ್ ಒದಗಿಸುತ್ತಿದ್ದ ಅಮೆರಿಕದ ಕೊಡಕ್ ಕಂಪನಿಯೇ 2012ರಲ್ಲಿ ದಿವಾಳಿತನದ ರಕ್ಷಣೆ ಕೋರಿತು. ಈಗಂತೂ ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲ್ ಕ್ಯಾಮರಾ. ನಮ್ಮ ಕಡೆಯ ಹಲವು ಸ್ಟುಡಿಯೋಗಳು ಬಾಗಿಲು ಹಾಕಿಕೊಂಡವು. ಕಲಿಯಲು ಮನಸ್ಸು ಮಾಡಿದವರು ಮಾತ್ರ ಉಳಿದರು. ನಾನೂ ನಲವತ್ತು ದಾಟಿದ ಮೇಲೆ ಹುಡುಗರ ಪಕ್ಕದಲ್ಲಿ ಕುಳಿತು ಕಂಪ್ಯೂಟರ್ ಕಲಿತೆ. ಪೆನ್ಸಿಲಿನಿಂದ ನೆಗೆಟಿವ್ ತಿದ್ದುತ್ತಿದ್ದ ಕೈ ಈಗ ಮೌಸ್ ಹಿಡಿದು ತಿದ್ದುತ್ತದೆ. ಆದರೆ ಯಾರನ್ನು ಎಲ್ಲಿ ನಿಲ್ಲಿಸಬೇಕು, ಬೆಳಕು ಯಾವ ಕಡೆಯಿಂದ ಬೀಳಬೇಕು, ಮುನಿಸಿಕೊಂಡು ಹಿಂದೆ ಸರಿದ ಚಿಕ್ಕಪ್ಪನನ್ನು ಹೇಗೆ ಮುಂದಕ್ಕೆ ಕರೆಯಬೇಕು ಎಂಬುದನ್ನು ಯಾವ ಯಂತ್ರವೂ ಹೇಳಿಕೊಡುವುದಿಲ್ಲ.

ತಂದೆತಾಯಿಗಳಿಗೆ ನಾಲ್ಕು ಮಾತು

ಮಗ ಅಥವಾ ಮಗಳು ಕ್ಯಾಮರಾ ಬೇಕೆಂದು ಹಟ ಹಿಡಿದರೆ ಕೂಡಲೇ ಬೆಲೆಬಾಳುವ ಯಂತ್ರವನ್ನು ಕೊಡಿಸಬೇಕಾಗಿಲ್ಲ. ಕೂಡಲೇ ಬೈಯಲೂ ಬೇಕಾಗಿಲ್ಲ. ಮನೆಯಲ್ಲಿರುವ ಮೊಬೈಲನ್ನೇ ಕೊಟ್ಟು, ವಾರಕ್ಕೆ ಹನ್ನೆರಡೇ ಚಿತ್ರ ತೆಗೆಯುವ ನಿಯಮ ಹಾಕಿ. ಒಂದು ವರ್ಷವಾದ ಮೇಲೂ ಆಸಕ್ತಿ ಉಳಿದಿದ್ದರೆ ಅದು ಬರಿಯ ಚಪಲವಲ್ಲವೆಂದು ತಿಳಿಯಿರಿ. ಕ್ರಮಬದ್ಧವಾಗಿ ಕಲಿಯುವವರಿಗೆ ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಅಕಾಡೆಮಿಯಲ್ಲಿ ಛಾಯಾಗ್ರಹಣದ ಪದವಿ ಶಿಕ್ಷಣ ದೊರೆಯುತ್ತದೆ. ಲೆಕ್ಕಪತ್ರ ಇಡುವುದನ್ನೂ ಕಾನೂನನ್ನೂ ಸ್ವಲ್ಪ ಕಲಿಸಿರಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಹಣ ಕೊಟ್ಟು ತೆಗೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರಿಗೇ ಸೇರುತ್ತದೆ. ಗಿರಾಕಿಯ ಮನೆಯ ಹೆಣ್ಣುಮಕ್ಕಳ ಚಿತ್ರವನ್ನು ಕೇಳದೆ ಎಲ್ಲಿಯೂ ಪ್ರದರ್ಶಿಸಬಾರದು ಎಂಬುದು ಕಾನೂನಿಗಿಂತಲೂ ಮೊದಲು ಬರುವ ಮರ್ಯಾದೆ.

ಎಲ್ಲ ಮನೆಗಳವರಿಗೂ ಇನ್ನೊಂದು ಬಿನ್ನಹ. ಹಳೆಯ ಪಟಗಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಗೂ ನೇರ ಬಿಸಿಲಿಗೂ ತಗಲಿಸಬೇಡಿ. ಹಿಂಬದಿಯಲ್ಲಿ ಮೃದುವಾದ ಪೆನ್ಸಿಲಿನಿಂದ ಹೆಸರು, ಊರು, ವರ್ಷಗಳನ್ನು ಬರೆದಿಡಿ. ಗುರುತಿಸಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಲಿ. ಮೊಬೈಲಿನಲ್ಲಿರುವ ಸಾವಿರ ಚಿತ್ರಗಳಲ್ಲಿ ವರ್ಷಕ್ಕೆ ಹತ್ತನ್ನಾದರೂ ಆರಿಸಿ ಕಾಗದದ ಮೇಲೆ ಅಚ್ಚು ಹಾಕಿಸಿ ಇಟ್ಟುಕೊಳ್ಳಿ.

ನಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜಿಯ ಆ ಪಟದ ಪಕ್ಕದಲ್ಲಿ ಈಗ ನನ್ನ ತಂದೆಯವರ ಪಟವಿದೆ. ಅವರು ಲಿಂಗೈಕ್ಯರಾಗುವ ಆರು ತಿಂಗಳ ಮೊದಲು, ಹೊಗೆಸೊಪ್ಪಿನ ಹೊಲದ ಬದುವಿನ ಮೇಲೆ ಅವರನ್ನು ಕೂರಿಸಿ ನಾನೇ ತೆಗೆದದ್ದು. "ಸಾಕೇನೋ, ಇನ್ನೂ ಎಷ್ಟು ಹೊತ್ತು?" ಎಂದು ಕೇಳಿ ನಕ್ಕ ಕ್ಷಣದಲ್ಲಿ ಬೆರಳೊತ್ತಿದ್ದೆ. ಕಣ್ಣು ತೆರೆದಿವೆ. ಮನೆಗೆ ಬಂದ ಬಂಧುಗಳು ಅದರ ಮುಂದೆ ನಿಂತು, ಅವರು ಹೀಗೆಯೇ ಇದ್ದರಲ್ಲವೇ ಎನ್ನುತ್ತಾರೆ. ಮನೆಯಲ್ಲಿ ಹಿರಿಯರಿರುವ ಬಂಧುಗಳೇ, ಈ ವಾರವೇ ಅವರ ಪಕ್ಕದಲ್ಲಿ ಕುಳಿತು, ಅವರು ನಗುವಂತಹ ಮಾತೊಂದನ್ನಾಡಿ, ಒಂದು ಪಟ ತೆಗೆದಿಟ್ಟುಕೊಳ್ಳಿರಿ.